ಮನೆಗೆ ಒಯ್ಯಲು ನಾವು ತಯಾರು, ಕೊಡುವವರು ಯಾರು?

ಗೆ,
ಕೊಪ್ಪಳ ಮತ್ತು ಗಂಗಾವತಿ ನಗರಸಭೆ, ಕುಷ್ಟಗಿ ಪುರಸಭೆ, ಯಲಬುರ್ಗಾ ಪಟ್ಟಣ ಪಂಚಾಯಿತಿಯ ಆಡಳಿತದವರಿಗೆ,
ಪಶುಪಾಲನೆ, ಆರೋಗ್ಯ ಮತ್ತು ಶಾಲಾ ಶಿಕ್ಷಣ ಇಲಾಖೆಗಳ ಅಧಿಕಾರಿಗಳಿಗೆ,
ನಮ್ಮ ಭಾಗದ ಎಲ್ಲ ಜನಪ್ರತಿನಿಧಿಗಳಿಗೆ

ವಿಷಯ: ಬೆಳೆದ ಬೀದಿ ನಾಯಿಗಳನ್ನು ಮಕ್ಕಳಿರುವ ಮನೆಗಳಿಗೆ ಸುರಕ್ಷಿತವಾಗಿ ದತ್ತು ಕೊಡುವ ವ್ಯವಸ್ಥೆ ಮಾಡುವ ಬಗ್ಗೆ

ಮಾನ್ಯರೇ,

ಬೀದಿ ನಾಯಿಗಳ ಬಗ್ಗೆ ನಿಮ್ಮ ಕಚೇರಿಗಳಿಗೆ ದೂರು ಬರದ ವಾರ ಇರಲಿಕ್ಕಿಲ್ಲ. ಮಕ್ಕಳನ್ನು ಕಡಿದವು, ಬೈಕಿಗೆ ಅಡ್ಡ ಬಂದವು, ರಾತ್ರಿಯೆಲ್ಲ ಮಲಗಗೊಡುವುದಿಲ್ಲ, ಹಿಡಿದುಕೊಂಡು ಹೋಗಿ ಎಂಬ ದೂರುಗಳು. ಅವು ಸುಳ್ಳಲ್ಲ. ನಾನು ಇಬ್ಬರು ಮಕ್ಕಳ ತಾಯಿ, ಮಕ್ಕಳು ಓದುವ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ. ನಾಯಿ ಕಡಿದ ಮಗುವನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುವ ತಂದೆತಾಯಿಯ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ದೂರು ಅವರ ದೂರಿಗೆ ಎದುರಾಗಿ ನಿಂತದ್ದಲ್ಲ, ಅದರ ಮಗ್ಗುಲಲ್ಲೇ ಇರುವಂಥದ್ದು. ಸಾಧು ಸ್ವಭಾವದ, ಬೆಳೆದ ಬೀದಿ ನಾಯಿಯೊಂದನ್ನು ಮನೆಗೆ ಒಯ್ದು ಸಾಕಲು ತಯಾರಿರುವ ಕುಟುಂಬಗಳು ನಮ್ಮ ಭಾಗದಲ್ಲಿವೆ. ಅಂಥ ನಾಯಿಯನ್ನು ಪರೀಕ್ಷಿಸಿ, ಲಸಿಕೆ ಹಾಕಿ, ಮರಿಯಾಗದಂತೆ ಆಪರೇಷನ್ ಮಾಡಿಸಿ, ಕಾಗದಪತ್ರ ಸಮೇತ ಆ ಕುಟುಂಬದ ಕೈಗೆ ಒಪ್ಪಿಸುವವರನ್ನು ಹುಡುಕಿ ಹೊರಟರೆ ಯಾರೂ ಸಿಗುವುದಿಲ್ಲ. ಆ ಕೊರತೆ ತುಂಬಿಕೊಡಿ ಎಂದು ಕೇಳಲು ಈ ಪತ್ರ.

ನಮ್ಮ ಶಾಲೆಯ ಗೇಟಿನ ಬಳಿ ಹಲವು ವರ್ಷಗಳಿಂದ ಕೆಲವು ನಾಯಿಗಳಿದ್ದವು. ಬಿಸಿಯೂಟದ ತಟ್ಟೆ ತೊಳೆಯುವ ಜಾಗದಲ್ಲಿ ಉಳಿದ ಅನ್ನ ತಿಂದು, ಬೇವಿನ ಮರದ ನೆರಳಲ್ಲಿ ಮಲಗುತ್ತಿದ್ದವು. ಅವುಗಳಲ್ಲಿ ಕೆಂಚು ಬಣ್ಣದ ಒಂದು ಹೆಣ್ಣು ನಾಯಿಗೆ ಮಕ್ಕಳೇ ಕೆಂಚಿ ಎಂದು ಹೆಸರಿಟ್ಟಿದ್ದರು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆರವು ಮಾಡಬೇಕೆಂದು ಆದೇಶಿಸಿತು. ಹಿಡಿದ ನಾಯಿಗಳಿಗೆ ಲಸಿಕೆ ಹಾಕಿ, ಸಂತಾನಹರಣ ಮಾಡಿ, ಆಶ್ರಯ ಕೇಂದ್ರದಲ್ಲಿ ಇಡಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದಿತು. ಆವರಣಕ್ಕೆ ಗೋಡೆ ಅಥವಾ ಬೇಲಿ ಇರಬೇಕು, ಉಸ್ತುವಾರಿಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದೂ ಹೇಳಿತು. ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಬಂದಾಗ ಎಲ್ಲರೂ ಒಪ್ಪಿದೆವು. ಶಾಲೆಯ ಅಂಗಳ ಮಕ್ಕಳದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿಗಳು ಹೋಗುವುದೆಲ್ಲಿಗೆ ಎಂದು ಕೇಳಿದಾಗ ಸಭೆ ಸುಮ್ಮನಾಯಿತು. ಕೆಂಚಿಯನ್ನು ನಮ್ಮ ಮನೆಗೆ ಒಯ್ಯುತ್ತೇವೆ ಎಂದು ನಾನು ಹೇಳಿದೆ. ಇನ್ನಿಬ್ಬರು ಪಾಲಕರು, ವ್ಯವಸ್ಥೆಯೊಂದು ಇದ್ದರೆ ತಾವೂ ಒಂದೊಂದು ನಾಯಿ ಒಯ್ಯುತ್ತೇವೆ ಎಂದರು.

ವ್ಯವಸ್ಥೆ ಇದೆಯೋ ಇಲ್ಲವೋ ಎಂದು ಕೇಳಲು ಕಚೇರಿಗೆ ಹೋದೆ. ಯಾವ ಊರಿನ ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿದ್ದ ಗುಮಾಸ್ತರು ಕುರ್ಚಿ ಕೊಟ್ಟು, ನನ್ನ ಮಾತು ಪೂರ್ತಿ ಕೇಳಿ, ಆಮೇಲೆ ಹೇಳಿದರು: “ನಾಯಿ ಬ್ಯಾಡ ಅಂತ ದಿನಾ ಅರ್ಜಿ ಬರ್ತಾವ್ರಿ ಅಕ್ಕಾರ. ನಾಯಿ ಬೇಕು ಅಂತ ಬಂದವ್ರು ನೀವ ಮೊದಲ್ನೇದವ್ರು. ಇದನ್ನ ಯಾ ಫೈಲಿನಾಗ ಹಾಕ್ಲಿ ಹೇಳ್ರಿ?” ಅವರು ನನ್ನನ್ನು ಆಡಿಕೊಳ್ಳಲು ಹಾಗೆ ಅಂದದ್ದಲ್ಲ. ಅವರ ಮುಂದೆ ನಿಜಕ್ಕೂ ಒಂದು ನಮೂನೆಯಿರಲಿಲ್ಲ, ಒಂದು ರಿಜಿಸ್ಟರ್ ಇರಲಿಲ್ಲ, ಮೇಲಿನಿಂದ ಬಂದ ಒಂದು ಸುತ್ತೋಲೆಯೂ ಇರಲಿಲ್ಲ. ಪಶು ಆಸ್ಪತ್ರೆಗೆ ಹೋಗಿ ಕೇಳಿ ಎಂದರು. ನಾವು ಹೋದ ಪಶು ಆಸ್ಪತ್ರೆಯ ವೈದ್ಯರು ಕೆಂಚಿಯನ್ನು ನೋಡಿ ರೇಬಿಸ್ ಲಸಿಕೆ ಹಾಕಿದರು, ಜಂತುಹುಳುವಿಗೆ ಗುಳಿಗೆ ಕೊಟ್ಟರು. ಆಪರೇಷನ್‌ಗೆ ತಮ್ಮಲ್ಲಿ ಅನುಕೂಲವಿಲ್ಲ, ದೊಡ್ಡ ಊರಿಗೆ ಒಯ್ಯಬೇಕು ಎಂದರು. ದತ್ತು ಕೊಡುವುದು ತಮ್ಮ ಕೆಲಸವಲ್ಲ, ಸ್ಥಳೀಯ ಸಂಸ್ಥೆಯ ಕೆಲಸ ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ಕೊನೆಗೆ ದತ್ತಿನ ಯಾವ ಕಾಗದವೂ ಇಲ್ಲದೆ ಕೆಂಚಿ ನಮ್ಮ ಮನೆಗೆ ಬಂತು. ಉಳಿದಿಬ್ಬರು ಪಾಲಕರು ವ್ಯವಸ್ಥೆ ಆಗುವವರೆಗೆ ಕಾಯುತ್ತೇವೆಂದು ಹಿಂದೆ ಸರಿದರು. ಮಕ್ಕಳಿರುವ ಮನೆಗೆ ಗೊತ್ತುಗುರಿಯಿಲ್ಲದ ನಾಯಿಯನ್ನು ಹೇಗೆ ಒಯ್ಯುವುದು ಎಂಬ ಅವರ ಅಂಜಿಕೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಕಾನೂನು ಈ ಬಗ್ಗೆ ಏನು ಹೇಳುತ್ತದೆಂಬುದನ್ನು ನಿಮ್ಮ ಗಮನಕ್ಕೆ ತರುವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದಿದ್ದ ನಿಯಮಗಳ ಜಾಗದಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಜನ ಅದನ್ನು ಎಬಿಸಿ ಎನ್ನುತ್ತಾರೆ. ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಗಳ ಹೆಗಲಿಗೆ ಹಾಕಿದೆ. ಆಪರೇಷನ್ ಮಾಡುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು, ಆಪರೇಷನ್ ಆದ ನಾಯಿಯ ಕಿವಿಗೆ ಗುರುತು ಹಾಕಬೇಕು, ಕೆಲಸದ ಮೇಲೆ ಕಣ್ಣಿಡಲು ಸ್ಥಳೀಯ ಮೇಲುಸ್ತುವಾರಿ ಸಮಿತಿ ಇರಬೇಕು ಎನ್ನುತ್ತದೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ಬೀದಿ ನಾಯಿಗಳನ್ನೆಲ್ಲ ಆಶ್ರಯ ಕೇಂದ್ರಗಳಿಗೆ ಸಾಗಿಸಿ ಎಂದಿದ್ದ ಸುಪ್ರೀಂ ಕೋರ್ಟ್, ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠದ ಮೂಲಕ ಅದನ್ನು ಬದಲಿಸಿ, ಪ್ರಕರಣವನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ದತ್ತಿನ ದಾರಿ ಅದೇ ಆದೇಶದಲ್ಲಿದೆ. ಬೀದಿ ನಾಯಿಯನ್ನು ಸಾಕಲು ಇಷ್ಟವುಳ್ಳವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆ ನಾಯಿಗೆ ಗುರುತಿನ ಟ್ಯಾಗ್ ಹಾಕಿ ಅವರಿಗೆ ದತ್ತು ಕೊಡಬೇಕು, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಒಯ್ದವರ ಹೊಣೆ. ಸುಪ್ರೀಂ ಕೋರ್ಟ್ ಹೇಳಿದ ಆ ಅರ್ಜಿಯನ್ನೇ ನಾನು ಕೊಡಲು ಹೋದದ್ದು. ತೆಗೆದುಕೊಳ್ಳುವ ಟೇಬಲ್ ಇರಲಿಲ್ಲ.

“ಸಾಕೋದಾದ್ರ ಸಣ್ಣ ಮರಿ ತರಬೇಕು, ದೊಡ್ಡ ನಾಯಿ ಕಲೀತದೇನು, ನಾಯಿ ಬಾಲ ಡೊಂಕ” ಎಂದು ನಮ್ಮಲ್ಲಿ ಬಹಳ ಮಂದಿ ಹೇಳುತ್ತಾರೆ. ಮಕ್ಕಳಿರುವ ಮನೆಗೆ ಈ ಮಾತು ಹೊಂದುವುದಿಲ್ಲ. ಮರಿ ಎಂದರೆ ಹಲ್ಲು ಮೂಡುವ ಕಾಲ. ಕೈಗೆ ಸಿಕ್ಕಿದ್ದನ್ನೆಲ್ಲ, ಮಕ್ಕಳ ಬೆರಳನ್ನೂ ಸೇರಿಸಿ, ಕಚ್ಚಿ ನೋಡುವ ಕಾಲ. ಅದು ಬೆಳೆದು ಎಷ್ಟೆತ್ತರ ಆಗುತ್ತದೆ, ಸಿಟ್ಟಿನದೋ ಸಾಧುವೋ, ಗದ್ದಲಕ್ಕೆ ಬೆದರುತ್ತದೋ ಇಲ್ಲವೋ ಎಂಬುದು ತಂದ ದಿನ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷ ದಾಟಿದ ನಾಯಿಯ ಗುಣ ಕಣ್ಣೆದುರಿಗೇ ಇರುತ್ತದೆ. ಕೆಂಚಿ ನೂರಾರು ಮಕ್ಕಳ ಓಡಾಟ, ಚೀರಾಟ, ಗಂಟೆಯ ಸದ್ದಿನ ನಡುವೆ ಬದುಕಿದ ನಾಯಿ. ಚೆಂಡು ಬಂದು ಬಿದ್ದರೆ ಎದ್ದು ಬೇರೆ ಕಡೆ ಹೋಗಿ ಮಲಗುತ್ತಿತ್ತು. ಯಾವ ಮರಿಯ ಬಗ್ಗೆಯೂ ಇಷ್ಟು ಖಚಿತವಾಗಿ ಯಾರೂ ಹೇಳಲಾರರು.

ಬೆಳೆದ ನಾಯಿ ಹೊಸ ಮನೆಗೆ ಹೊಂದಿಕೊಳ್ಳುವುದು ನಮಗೇನು ಹೊಸದಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾಹಿಗಳನ್ನು ಕೇಳಿ ನೋಡಿ. ಒಂದು ದೊಡ್ಡಿಯ ನಾಯಿ ಇನ್ನೊಂದು ದೊಡ್ಡಿಗೆ ಹೋಗಿ, ಹೊಸ ಕುರಿಹಿಂಡನ್ನೂ ಹೊಸ ಮನೆಯ ಕೂಸುಗಳನ್ನೂ ತನ್ನದೆಂದುಕೊಂಡು ಕಾಯುವುದನ್ನು ಅವರು ಕಂಡಿದ್ದಾರೆ. ಇದಕ್ಕೆ ಹಳೆಯ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ದೊರೆಯಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಬ್ಬರ ಅಂಗಳದಲ್ಲಿ ಬೆಳೆದ ನಾಯಿಯನ್ನು ಆದರದಿಂದ ಕರೆತಂದು ತನ್ನದಾಗಿಸಿಕೊಂಡವರ ನಾಡು ಇದು.

ಹಾಗಿದ್ದರೆ ಸುಮ್ಮನೆ ಒಯ್ದು ಸಾಕಿಕೊಳ್ಳಿ, ಸರ್ಕಾರವೇಕೆ ಬೇಕು ಎಂದು ನೀವು ಕೇಳಬಹುದು. ಕೆಲವು ಕೆಲಸಗಳು ಒಂದು ಕುಟುಂಬದ ಕೈಗೆ ಎಟುಕುವುದಿಲ್ಲ, ಅದಕ್ಕೆ.

ಮೊದಲನೆಯದು ರೇಬಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬಿಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಆಗುತ್ತವೆ. ರೇಬಿಸ್ ಶಂಕೆಯ ಪ್ರಾಣಿಗಳಿಂದ ಕಡಿತಕ್ಕೊಳಗಾಗುವವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ರೋಗಾಣು ಹೊಕ್ಕ ನಾಯಿಯಲ್ಲಿ ಲಕ್ಷಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಇಂದು ಲಸಿಕೆ ಹಾಕಿಸಿದ ನಾಯಿಗೆ ಇಂದೇ ರಕ್ಷಣೆ ಬರುವುದಿಲ್ಲ, ಅದಕ್ಕೂ ಕೆಲವು ವಾರ ಬೇಕು. ಈ ಅವಧಿಯಲ್ಲಿ ನಾಯಿಯನ್ನು ನಿಗಾದಲ್ಲಿಟ್ಟು, ಸರಿಯಿದೆ ಎಂದು ವೈದ್ಯರು ಬರೆದುಕೊಟ್ಟ ಮೇಲೆ ಮಕ್ಕಳಿರುವ ಮನೆಗೆ ಕಳಿಸುವುದು ಸುರಕ್ಷಿತ ಪದ್ಧತಿ. ಒಂದು ಕುಟುಂಬ ಆ ನಿಗಾ ಎಲ್ಲಿ ಇಡಬೇಕು?

ಎರಡನೆಯದು ಆಪರೇಷನ್. ಹೆಣ್ಣು ನಾಯಿಯನ್ನು ಆಪರೇಷನ್ ಇಲ್ಲದೆ ಮನೆಗೆ ತಂದರೆ ಬೆದೆಗೆ ಬಂದಾಗ ಓಣಿಯ ಗಂಡು ನಾಯಿಗಳೆಲ್ಲ ಬಾಗಿಲಿಗೆ ಬಂದು ಕಚ್ಚಾಡುತ್ತವೆ. ಅದೇ ಹೊತ್ತಿಗೆ ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತಾರೆ. ಮರಿ ಹಾಕಿದ ನಾಯಿ ಎಷ್ಟು ಸಾಧುವಾಗಿದ್ದರೂ ಮರಿಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮರಿಗಳು ಬೆಳೆದು ಮತ್ತೆ ಬೀದಿಗೇ ಬೀಳುತ್ತವೆ. ನಮ್ಮ ಕೆಂಚಿಯನ್ನು ಬಾಡಿಗೆ ಗಾಡಿಯಲ್ಲಿ ದೂರದ ಊರಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಕೂಲಿ ಮಾಡಿ ಉಣ್ಣುವ ಮನೆಗೆ ಅದು ಆಗುವ ಮಾತಲ್ಲ. ಬೀದಿ ನಾಯಿಗಳ ಮೇಲೆ ಅತಿ ಹೆಚ್ಚು ಕರುಣೆ ತೋರಿಸುವವರು, ಮಿಕ್ಕ ರೊಟ್ಟಿ ತುಣುಕು ತಪ್ಪದೆ ಹಾಕುವವರು ಅಂಥ ಮನೆಯವರೇ.

ಮೂರನೆಯದು ಸ್ವಭಾವ ಪರೀಕ್ಷೆ. ಗೇಟಿನ ಬಳಿ ಬಾಲ ಅಲ್ಲಾಡಿಸುವ ನಾಯಿಯೆಲ್ಲ ಮನೆಗೆ ಹೊಂದುತ್ತದೆಂದು ಹೇಳಲಾಗುವುದಿಲ್ಲ. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಏನು ಮಾಡುತ್ತದೆ, ಕಿವಿ ಬಾಲ ಮುಟ್ಟಿದರೆ ಸಹಿಸುತ್ತದೋ, ಮಗು ಚೀರಿದಾಗ ಬೆದರುತ್ತದೋ, ಕಟ್ಟಿ ಹಾಕಿದರೆ ಹೇಗಿರುತ್ತದೆ, ಇದನ್ನೆಲ್ಲ ತಿಳಿದವರೊಬ್ಬರು ಕೆಲವು ದಿನ ನೋಡಿ ಹೇಳಬೇಕು. ಹಾಗೆ ನೋಡಿದಾಗ ಕೆಲವು ನಾಯಿಗಳನ್ನು ಮಕ್ಕಳಿಲ್ಲದ ಮನೆಗೆ, ಕೆಲವನ್ನು ಹೊಲ ತೋಟದ ಮನೆಗೆ ಕೊಡಬೇಕಾಗುತ್ತದೆ, ಕೆಲವನ್ನು ಯಾರಿಗೂ ಕೊಡಬಾರದೆಂದು ತೀರ್ಮಾನವಾಗುತ್ತದೆ. ಆ ತೀರ್ಮಾನಗಳೂ ದತ್ತು ವ್ಯವಸ್ಥೆಯ ಕೆಲಸವೇ.

ನಾಲ್ಕನೆಯದು ದಾಖಲೆ. ಕೆಂಚಿ ಈಗ ನಮ್ಮ ಮನೆಯದು. ಹಾಗೆಂದು ತೋರಿಸಲು ನನ್ನ ಕೈಯಲ್ಲಿ ಲಸಿಕೆಯ ಚೀಟಿಯೊಂದನ್ನು ಬಿಟ್ಟರೆ ಏನೂ ಇಲ್ಲ. ನಾಳೆ ಬಾಗಿಲು ತೆರೆದಿದ್ದಾಗ ಹೊರಗೆ ಹೋಗಿ ನಾಯಿ ಹಿಡಿಯುವ ಗಾಡಿಗೆ ಸಿಕ್ಕರೆ ಅದನ್ನು ಬಿಡಿಸಿಕೊಂಡು ಬರುವುದು ಹೇಗೆ? ಯಾರನ್ನಾದರೂ ಕಡಿದರೆ, ಅದಕ್ಕೆ ಯಾವ ದಿನ ಲಸಿಕೆ ಆಗಿದೆ, ಹೊಣೆ ಯಾರದ್ದು ಎಂದು ಪಕ್ಕದ ಮನೆಯವರು ಎಲ್ಲಿ ಹೋಗಿ ನೋಡಬೇಕು? ಟ್ಯಾಗ್ ಮತ್ತು ರಿಜಿಸ್ಟರ್ ನಾಯಿ ಸಾಕಿದವರಿಗೆಷ್ಟು ಬೇಕೋ ಅವರ ನೆರೆಹೊರೆಯವರಿಗೂ ಅಷ್ಟೇ ಬೇಕು. ಸಾಕಿದವರು ಕೈಬಿಟ್ಟು ಮತ್ತೆ ಬೀದಿಗೆ ದಬ್ಬಿದರೆ ಹಿಡಿದು ಕೇಳಲಿಕ್ಕೂ ಅದೇ ಆಧಾರ. 1960ರ ಕಾಯ್ದೆಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಆದರೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಅಷ್ಟು ದಂಡಕ್ಕೆ ಯಾರೂ ಅಂಜುವುದಿಲ್ಲ, ಊರಿನ ರಿಜಿಸ್ಟರಿನಲ್ಲಿ ಹೆಸರಿದ್ದರೆ ಅಂಜುತ್ತಾರೆ.

ಮನೆಯೊಳಗಿನ ಕೆಲಸ ನಮ್ಮದು, ಅದನ್ನು ನಾವು ಮಾಡುತ್ತೇವೆ. ಆದರೆ ಅದನ್ನೂ ಯಾರಾದರೂ ಹೇಳಿಕೊಡಬೇಕು. ಕೆಂಚಿ ಬಂದ ಮೊದಲ ವಾರದಲ್ಲೇ ಒಂದು ದಿನ ಅದು ಪಡಸಾಲೆಯ ಮೂಲೆಯಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ತಿನ್ನುತ್ತಿತ್ತು. ಆರು ವರ್ಷದ ಮಗ ಹತ್ತಿರ ಕುಳಿತು, ಇನ್ನೊಂದು ಚೂರು ಹಾಕಲು ತಟ್ಟೆಗೆ ಕೈ ಚಾಚಿದ. ಕೆಂಚಿ ತಿನ್ನುವುದನ್ನು ನಿಲ್ಲಿಸಿತು. ಮೈ ಬಿಗಿಯಿತು, ತಲೆ ಎತ್ತದೆ ಕಣ್ಣಂಚಿನಿಂದ ಅವನನ್ನು ನೋಡಿತು, ಗಂಟಲಲ್ಲಿ ಸಣ್ಣಗೆ ಗುರ್ ಎಂದಿತು. ಅತ್ತೆಯವರು ಕಸಬರಿಗೆ ಎತ್ತಿದರು. “ಅತ್ತಿ, ಹೊಡಿಬ್ಯಾಡ್ರಿ. ಕಡಿಯೂದಕ್ಕಿಂತ ಮೊದ್ಲ ಹೇಳಾಕತ್ತೈತಿ ಅದು” ಎಂದೆ. ಮಗನನ್ನು ಮೆಲ್ಲಗೆ ಹೆಸರು ಹಿಡಿದು ಕರೆದೆ, ಎದ್ದು ಬಂದ. ಅಷ್ಟೇ ಆದದ್ದು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಡಿಯುತ್ತದೆ. ಅಂದಿನಿಂದ ಅದರ ಊಟ ಹಿತ್ತಲಿನಲ್ಲಿ, ಬಾಗಿಲು ಮುಂದೆ ಮಾಡಿ. ತಿನ್ನುವಾಗ ಮಕ್ಕಳು ಅತ್ತ ಹೋಗುವುದಿಲ್ಲ. ಈಗ ಮಗ ದೂರದಿಂದಲೇ “ಕೆಂಚಿ ಉಣ್ಣಾಕತ್ತೈತಿ” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ.

ಇದು ನನಗೆ ಗೊತ್ತಿದ್ದದ್ದು ನಾನು ಓದಿ ತಿಳಿದುಕೊಂಡಿದ್ದರಿಂದ. ಗೊತ್ತಿಲ್ಲದ ಮನೆಯಲ್ಲಿ ಕಸಬರಿಗೆಯ ಪೆಟ್ಟು ಬೀಳುತ್ತಿತ್ತು, ಕೆಲವು ದಿನದಲ್ಲಿ ಮಗುವಿಗೆ ಕಡಿತವೂ ಆಗುತ್ತಿತ್ತು, ಆಮೇಲೆ ನಾಯಿ ಮರಳಿ ಬೀದಿಗೆ. ಹೇಳಿಕೊಡಬೇಕಾದ ಮಾತು ಬಹಳ ಇಲ್ಲ. ಹೊಸ ನಾಯಿಗೆ ಮೊದಲ ಕೆಲವು ದಿನ ಒಂದು ಮೂಲೆ, ನೀರು, ನೆಮ್ಮದಿ ಕೊಡಬೇಕು. ನೆಂಟರು, ಓಣಿಯವರು ಬಂದು ಮುತ್ತಬಾರದು. ಮನೆಯ ರೀತಿ ತಿಳಿಯಲು ಕೆಲವು ವಾರ, ಪೂರ್ತಿ ಒಗ್ಗಲು ಕೆಲವು ತಿಂಗಳು ಹಿಡಿಯುತ್ತದೆ. ತಿನ್ನುವಾಗ, ಮಲಗಿದ್ದಾಗ, ಮರಿಗಳ ಜತೆ ಇದ್ದಾಗ ಮುಟ್ಟಬಾರದು. ಮಕ್ಕಳಿಗೆ ಅಪ್ಪಿಕೊಳ್ಳುವುದು ಪ್ರೀತಿ, ಬಹಳ ನಾಯಿಗಳಿಗೆ ಅದು ಕಟ್ಟಿ ಹಾಕಿದಂತೆ, ಕುತ್ತಿಗೆಗೆ ಜೋತುಬೀಳಬಾರದು. ನಾಯಿ ತಾನಾಗಿ ಬಂದರೆ ಪಕ್ಕದಿಂದ ಸವರಿ ಕೈ ತೆಗೆಯಬೇಕು, ಮತ್ತೆ ಒತ್ತಿ ಬಂದರೆ ಇನ್ನಷ್ಟು ಸವರಬಹುದು. ಸುಮ್ಮಸುಮ್ಮನೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು ‘ನನಗೆ ಸಾಕು’ ಎಂದು ನಾಯಿ ಹೇಳುವ ಬಗೆ. ಸಣ್ಣ ಮಕ್ಕಳನ್ನು ಎಷ್ಟೇ ನಂಬಿಕೆಯ ನಾಯಿಯಾದರೂ ಅದರೊಂದಿಗೆ ಬಿಟ್ಟು ಹಿರಿಯರು ಆಚೆ ಹೋಗಬಾರದು. ಕಡಿತವಾದರೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೇಳಿದ ದಿನಗಳಲ್ಲಿ ಎಲ್ಲ ಡೋಸ್ ಮುಗಿಸಬೇಕು. ಇದೆಲ್ಲ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಆ ಹಾಳೆಯನ್ನು ಅಚ್ಚು ಹಾಕಿಸಿ ಅರ್ಜಿಯೊಂದಿಗೆ ಕೊಡಿ, ಶಾಲೆಗಳ ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸಿ ಎಂದು ಕೇಳುತ್ತಿದ್ದೇನೆ. ನಾಯಿ ಸಾಕದ ಮನೆಯ ಮಕ್ಕಳಿಗೂ ಅದು ಬೀದಿಯಲ್ಲಿ ರಕ್ಷಣೆಯಾಗುತ್ತದೆ.

ದತ್ತಿನಿಂದ ಬೀದಿ ನಾಯಿಗಳ ಸಮಸ್ಯೆಯೇ ತೀರುತ್ತದೆಂದು ನಾನು ಹೇಳುವುದಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 11.4 ಲಕ್ಷ ಬೀದಿ ನಾಯಿಗಳಿದ್ದವು, ದೇಶದಲ್ಲಿ 1.53 ಕೋಟಿ. ಇವನ್ನೆಲ್ಲ ಸಾಕುವಷ್ಟು ಮನೆಗಳಿಲ್ಲ. ಸಂಖ್ಯೆ ಇಳಿಯುವುದು ಎಡಬಿಡದೆ ನಡೆಯುವ ಆಪರೇಷನ್‌ನಿಂದ, ಲಸಿಕೆಯಿಂದ, ಬೀದಿಯಲ್ಲಿ ಕಸ ಕೊಳೆಯದಂತೆ ನೋಡಿಕೊಳ್ಳುವುದರಿಂದ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ ಎಂದ ಮೇಲೆ, ಅವು ಬದುಕಿರುವವರೆಗೆ ಅನ್ನ, ನೀರು, ಔಷಧದ ಖರ್ಚು ನಿಮ್ಮದೇ. ಜನರ ಜತೆ ಬೆಳೆದ ಸಾಧು ನಾಯಿಗಳು ಸಿಗುವುದೂ ಇಂಥ ಜಾಗಗಳಲ್ಲೇ. ಅವುಗಳಲ್ಲಿ ಒಂದೊಂದೇ ಮನೆ ಸೇರಿದಂತೆಲ್ಲ ನಿಮ್ಮ ಮೇಲಿನ ಭಾರ ಇಳಿಯುತ್ತದೆ. ಮಗುವನ್ನು ನಾಯಿ ಕಡಿದ ಮನೆಯವರಿಗೆ ನಾನು ಹೇಳುವುದೂ ಇದೇ: ನಿಮ್ಮ ಸಿಟ್ಟು ನ್ಯಾಯವಾದದ್ದು, ಮತ್ತು ಲಸಿಕೆ ಹಾಕಿ, ಆಪರೇಷನ್ ಮಾಡಿ, ಮನೆ ಸೇರಿದ ಪ್ರತಿಯೊಂದು ನಾಯಿಯಿಂದ ನಿಮ್ಮ ಓಣಿಯ ಅಪಾಯ ಅಷ್ಟಷ್ಟೇ ಕಡಿಮೆಯಾಗುತ್ತದೆ.

ಸುಲಭದ ದಾರಿಯೆಂದು ನಾಯಿಗಳನ್ನು ಗಾಡಿಯಲ್ಲಿ ತುಂಬಿ ಊರಾಚೆಯ ಗುಡ್ಡದಲ್ಲಿ ಬಿಟ್ಟು ಬರಬೇಕೆಂದು ಸಲಹೆ ಕೊಡುವವರಿದ್ದಾರೆ. ಕಾನೂನು ಅದನ್ನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಗಂತೂ ಅದರಿಂದ ಇನ್ನೊಂದು ಕೇಡಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಮೀಸಲಾದ ವನ್ಯಧಾಮವಿದೆ. ಊರ ನಾಯಿಗಳು ಕಾಡಂಚಿಗೆ ಹೋದರೆ ರೇಬಿಸ್, ಡಿಸ್ಟೆಂಪರ್‌ನಂಥ ರೋಗ ತೋಳಗಳಿಗೆ ಅಂಟುತ್ತದೆ, ಎರಡರ ನಡುವೆ ಸಂಕರವೂ ಆಗುತ್ತದೆ. ಹಸಿದ ನಾಯಿಗಳು ಕುರಿಗಳ ಮೇಲೆ ಬೀಳುತ್ತವೆ, ಅಪವಾದ ತೋಳದ ಮೇಲೆ ಬರುತ್ತದೆ. ಶಾಲೆಯ ಗೇಟಿನಲ್ಲಿದ್ದ ತೊಂದರೆಯನ್ನು ಕುರಿಗಾಹಿಯ ದೊಡ್ಡಿಗೆ ಸಾಗಿಸಿದಂತಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ನಾಲ್ಕೂ ಊರುಗಳ ಸ್ಥಳೀಯ ಸಂಸ್ಥೆಯಲ್ಲಿ ಬೀದಿ ನಾಯಿ ದತ್ತಿಗೆ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿ. ಕನ್ನಡದಲ್ಲಿ ಒಂದೇ ಪುಟದ ಅರ್ಜಿ ನಮೂನೆ, ಒಂದು ರಿಜಿಸ್ಟರ್ ಇಡಿ. ಅರ್ಜಿಗೆ ಶುಲ್ಕ ಬೇಡ.

2. ಪ್ರತಿ ಊರಿಗೂ ಬೇರೆ ಬೇರೆ ಕೇಂದ್ರ ಕಟ್ಟುವುದು ಕಷ್ಟವಾದರೆ ನಾಲ್ಕೂ ಸಂಸ್ಥೆಗಳು ಸೇರಿ, ಮಾನ್ಯತೆ ಪಡೆದ ಸಂಸ್ಥೆಯೊಂದರ ಮೂಲಕ ಒಂದೇ ಆಪರೇಷನ್ ಮತ್ತು ನಿಗಾ ಕೇಂದ್ರ ನಡೆಸಿ. ಒಂದೊಂದೇ ಊರಿನ ಕೆಲವೇ ನಾಯಿಗಳಿಗಾಗಿ ದೂರದ ಸಂಸ್ಥೆಗಳು ಬರಲು ಹಿಂದೇಟು ಹಾಕುತ್ತವೆ. ಒಟ್ಟಾಗಿ ಕರೆದರೆ ಬರುವ ಸಂಭವ ಹೆಚ್ಚು.

3. ದತ್ತಿಗೆ ಹೋಗುವ ಪ್ರತಿ ನಾಯಿಗೂ ರೇಬಿಸ್ ಲಸಿಕೆ, ಜಂತುಹುಳು ಮತ್ತು ಉಣ್ಣೆಗೆ ಔಷಧ, ಆಪರೇಷನ್, ಕುತ್ತಿಗೆಗೆ ಟ್ಯಾಗ್, ಮತ್ತು ಇವೆಲ್ಲ ನಮೂದಾದ ಆರೋಗ್ಯ ಚೀಟಿ ಕಡ್ಡಾಯವಾಗಲಿ.

4. ಮಕ್ಕಳಿರುವ ಮನೆಗೆ ಕೊಡುವ ಮುಂಚೆ ಪಶುವೈದ್ಯರು ಸ್ವಭಾವ ನೋಡಿ ಬರೆದುಕೊಡಲಿ. ಮಕ್ಕಳನ್ನೂ ಕರೆಸಿ ನಾಯಿಯೊಂದಿಗೆ ಭೇಟಿ ಮಾಡಿಸಲಿ. ಎರಡು ವಾರ ಪ್ರಯೋಗಕ್ಕೆಂದು ಕಳಿಸಿ, ಹೊಂದದಿದ್ದರೆ ಅವಮಾನವಿಲ್ಲದೆ ಮರಳಿಸಲು ಅವಕಾಶವಿರಲಿ. ಮರಳಿಸುವ ಬಾಗಿಲು ಮುಚ್ಚಿದ್ದರೆ ಜನ ರಾತ್ರಿ ಹೊತ್ತಿನಲ್ಲಿ ಬೀದಿಗೆ ಬಿಡುತ್ತಾರೆ.

5. ದತ್ತು ಪಡೆದವರ ಮನೆಗೆ ಮೊದಲ ವರ್ಷದಲ್ಲಿ ಯಾರಾದರೂ ಹೋಗಿ ನೋಡಿ ಬರಲಿ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದನ್ನು ರಿಜಿಸ್ಟರಿನಲ್ಲಿ ಬರೆಸುವುದು ಷರತ್ತಾಗಿರಲಿ. ಬಡ ಕುಟುಂಬಗಳಿಗೆ ಆ ಲಸಿಕೆ ಉಚಿತವಾಗಿ ಸಿಗಲಿ.

6. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬಿಸ್ ದಿನ. ಆ ದಿನ ನಾಲ್ಕೂ ಊರಿನಲ್ಲಿ ಲಸಿಕೆ ಶಿಬಿರದ ಜತೆ ದತ್ತು ಶಿಬಿರವೂ ನಡೆಯಲಿ. ನಾಯಿಯೊಂದಿಗೆ ಹೇಗಿರಬೇಕೆಂಬ ಪಾಠ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಆಗಲಿ. 2030ರೊಳಗೆ ನಾಯಿಯಿಂದ ಬರುವ ರೇಬಿಸ್‌ನಿಂದ ಯಾರೂ ಸಾಯಬಾರದೆಂಬ ಗುರಿಯನ್ನು ನಮ್ಮ ದೇಶ ಹಾಕಿಕೊಂಡಿದೆ. ಅದು ನೆರವೇರಬೇಕಾದರೆ ಕೆಲಸ ಶುರುವಾಗಬೇಕಾದದ್ದು ಕುಷ್ಟಗಿ, ಯಲಬುರ್ಗಾದಂಥ ಊರುಗಳಲ್ಲೇ.

7. ಎಬಿಸಿ ನಿಯಮದ ಪ್ರಕಾರ ಇರಬೇಕಾದ ಸ್ಥಳೀಯ ಮೇಲುಸ್ತುವಾರಿ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ನಾಯಿಗಳಿಗೆ ಲಸಿಕೆ ಮತ್ತು ಆಪರೇಷನ್ ಆಗಿದೆ, ಎಷ್ಟು ದತ್ತು ಹೋಗಿವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಕಚೇರಿಯ ಫಲಕದಲ್ಲಿ ಹಾಕಿ.

ಇದಕ್ಕೆಲ್ಲ ಹೊಸ ಕಾಯ್ದೆ ಬೇಕಿಲ್ಲ. ಸುಪ್ರೀಂ ಕೋರ್ಟಿನ ಆದೇಶವಿದೆ, ನಿಯಮವಿದೆ, ಪಶುವೈದ್ಯರಿದ್ದಾರೆ, ಒಯ್ಯಲು ಮನೆಗಳೂ ಇವೆ. ಇವನ್ನು ಜೋಡಿಸುವ ಕೆಲಸ ಬಾಕಿ ಇದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ಮೊದಲ ಮೂರು ಬೇಡಿಕೆಗಳನ್ನಾದರೂ ನಡೆಸಿಕೊಡಿ ಎಂದು ಕೋರುತ್ತೇನೆ. ನಮ್ಮ ಎಸ್‌ಡಿಎಂಸಿಯ ಪಾಲಕರು ಸ್ವಯಂಸೇವಕರಾಗಿ ಬರಲು ಸಿದ್ಧರಿದ್ದೇವೆ: ಶಿಬಿರದಲ್ಲಿ ನಿಲ್ಲುತ್ತೇವೆ, ಅರ್ಜಿ ಬರೆದುಕೊಡುತ್ತೇವೆ, ದತ್ತು ಹೋದ ಮನೆಗಳಿಗೆ ಹೋಗಿ ನೋಡಿ ಬರುತ್ತೇವೆ. ನಮ್ಮ ಶಾಲೆಯ ಗೇಟಿನಲ್ಲಿ ಇನ್ನೂ ಎರಡು ನಾಯಿಗಳಿವೆ, ಅವುಗಳಿಗಾಗಿ ಕಾದಿರುವ ಎರಡು ಮನೆಗಳೂ ಇವೆ. ಆ ಎರಡು ಅರ್ಜಿಗಳನ್ನು ತೆಗೆದುಕೊಳ್ಳುವ ದಿನ ತಿಳಿಸಿದರೆ ನಾನೇ ಅವರನ್ನು ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ, ಎಸ್‌ಡಿಎಂಸಿ ಸದಸ್ಯೆ
ಕೊಪ್ಪಳ ಜಿಲ್ಲೆ